ಹೂಂಗುಟ್ಟುವವಳು

ಯಾರಾದರೂ ‘ತಿಮ್ಮಪ್ಪ-ಸಾನ್’ ಎಂದು ಕರೆದರೆ ವಸುಂಧರಾ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ, ಅಪ್ಪ ಬಂದು ನಿಂತಿದ್ದಾರೇನೋ ಎಂಬಂತೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಎಂದರು, ಬರೆದಳು. ಜಪಾನಿನವರು ಅದನ್ನು ಮನೆತನದ ಹೆಸರೆಂದು ತಿಳಿದು, ಗೌರವಕ್ಕೆ ‘ಸಾನ್’ ಸೇರಿಸಿದರು. ತಿದ್ದಲು ಹೋದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಆಮೇಲೂ ಅವರಿಗೆ ಅರ್ಥವಾಗುವುದಿಲ್ಲ, ಮನೆತನವೇ ಇಲ್ಲದ ಮನುಷ್ಯರು ಹೇಗಿರುತ್ತಾರೆ ಎಂದು ಕನಿಕರದಿಂದ ನೋಡುತ್ತಾರೆ. ಹಾಗಾಗಿ ಅಮ್ಮ ಬದುಕಿರುವಷ್ಟು ದಿನ ಬಾಯಲ್ಲಿ ಆಡದೆ ‘ಇವರು’, ‘ನಮ್ಮವರು’ ಎಂದೇ ದಾಟಿಸಿದ ಹೆಸರನ್ನು ಎಡೋಗಾವಾದ ಈ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದರು. ತಿಮ್ಮಪ್ಪ-ಸಾನ್, ಜೆರಾಕ್ಸ್ ಮಷೀನಿನಲ್ಲಿ ಕಾಗದ ಸಿಕ್ಕಿಕೊಂಡಿದೆ. ತಿಮ್ಮಪ್ಪ-ಸಾನ್, ನೇಪಾಳದ ಹುಡುಗಿಯರಿಗೆ ಕಸ ಬೇರ್ಪಡಿಸುವುದನ್ನು ಇನ್ನೊಮ್ಮೆ ಹೇಳಿಕೊಡಿ. ಇವತ್ತು ಭಾನುವಾರ, ಓಪನ್ ಕ್ಯಾಂಪಸ್, ಅಂದರೆ ಸೇರಬಹುದಾದ ಹುಡುಗಿಯರು ತಾಯಂದಿರ ಜೊತೆ ಬಂದು ಕಾಲೇಜು ನೋಡುವ ದಿನ. ಪ್ರವೇಶ ವಿಭಾಗದ ಮುಖ್ಯಸ್ಥ ಕುರೋದಾ-ಸಾನ್ ತಾವೇ ಏಣಿ ಹತ್ತಿ ಬಾಗಿಲಿಗೆ ಬಲೂನು ಕಟ್ಟುತ್ತ ಮೇಲಿನಿಂದಲೇ ಕೇಳಿದರು: “ತಿಮ್ಮಪ್ಪ-ಸಾನ್, ನಿಮ್ಮ ಊರಿನ ತಾಯಿ ಹನ್ನೊಂದಕ್ಕೆ ಬರುತ್ತಾರೆ ಅಲ್ಲವೇ?” ಅವಳು ಜಪಾನೀಸಿನಲ್ಲಿ ‘ಹಾಯ್’ ಅಂದಳು. ಅರವತ್ತು ದಾಟಿದ ಮನುಷ್ಯ ಕೆಂಪು ಬಲೂನನ್ನು ತುಟಿಗಿಟ್ಟು ಊದುವುದನ್ನು ನೋಡಲಾಗದೆ ಕುರ್ಚಿಗಳನ್ನು ಸರಿ ಮಾಡತೊಡಗಿದಳು. ಕುರ್ಚಿಗಳು ಆಗಲೇ ಸರಿಯಾಗಿದ್ದವು.

ಗೋಡೆಯ ಮೇಲೆ ‘ವೈವಿಧ್ಯವೇ ನಮ್ಮ ಬಲ’ ಎಂಬ ತಲೆಬರಹದ ಕೆಳಗೆ ಒಂದು ದುಂಡನೆಯ ಚಿತ್ರವಿತ್ತು, ಯಾವ ದೇಶದ ವಿದ್ಯಾರ್ಥಿನಿಯರು ಎಷ್ಟು ಎಂದು ತೋರಿಸುವುದು. ನೇಪಾಳ ಕಿತ್ತಳೆ ಬಣ್ಣ, ವಿಯೆಟ್ನಾಂ ಹಸಿರು, ಶ್ರೀಲಂಕಾ ಹಳದಿ, ಉಳಿದ ಒಂದು ತೆಳ್ಳನೆಯ ಬಿಳಿ ಹೋಳು ಜಪಾನು. ಸಂಗೀತದ ಮೇಷ್ಟರೊಬ್ಬರು ಅದನ್ನು ನೋಡಿ, ನಮ್ಮನ್ನು ಯಾರೋ ಆಗಲೇ ತಿಂದು ಮುಗಿಸಿದ್ದಾರೆ ಅಂದಿದ್ದರು, ಯಾರೂ ನಕ್ಕಿರಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಒಳ್ಳೆಯ ಮನೆತನದ ಹುಡುಗಿಯರು ಎರಡು ವರ್ಷ ಇಂಗ್ಲಿಷು, ಹೂ ಜೋಡಿಸುವುದು, ಬಾಗಿದರೂ ಕೂದಲು ಕೆದರದಂತೆ ಬಾಗುವುದು ಕಲಿತು, ದೊಡ್ಡ ಕಂಪನಿಯಲ್ಲಿ ಒಂದಷ್ಟು ದಿನ ಚಹಾ ಕೊಟ್ಟು, ಅದೇ ಕಂಪನಿಯವನನ್ನು ಮದುವೆಯಾಗಿ ಹೋಗುತ್ತಿದ್ದರಂತೆ. ಈಗಿನ ಹುಡುಗಿಯರು ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋಗುತ್ತಾರೆ. ಮಿಕ್ಕವರು ಹುಟ್ಟಿಯೇ ಇಲ್ಲ. ಹುಟ್ಟದವರಿಗೆ ಅರ್ಜಿ ಕಳಿಸಲು ಬರುವುದಿಲ್ಲ ಎಂದು ಕುರೋದಾ-ಸಾನ್ ಸಿಬ್ಬಂದಿ ಸಭೆಯಲ್ಲಿ ಬಲು ಗಂಭೀರವಾಗಿ ಹೇಳಿದ್ದರು. ಹುಟ್ಟಿದವರನ್ನು ಬೇರೆ ದೇಶದಿಂದ ತಂದರು. ಅವರು ರಾತ್ರಿಯೆಲ್ಲ ಬಾಗಿಲು ಮುಚ್ಚದ ಕೊಂಬಿನಿ ಅಂಗಡಿಗಳಲ್ಲಿ ಗಿರಾಕಿಗಳಿಗೆ ಸ್ವಾಗತ ಕೂಗಿ, ಬೆಳಿಗ್ಗೆ ತರಗತಿಯಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಬೆನ್ನು ನೆಟ್ಟಗಿರುವುದರಿಂದ ಯಾರೂ ಎಬ್ಬಿಸುವುದಿಲ್ಲ.

ಅಪ್ಪನಿಗೂ ಇದೇ ಕೆಲಸವಿತ್ತು. ಹಿರಿಯೂರಿನ ಆಚೆ ಒಂದು ಸರ್ಕಾರಿ ಶಾಲೆ. ಜೂನ್ ಬಂತೆಂದರೆ ಕೊಡೆ ಹಿಡಿದು ಮನೆ ಮನೆಗೆ ಹೋಗಿ, ಮಕ್ಕಳನ್ನು ಕಳಿಸಿ, ತಲೆ ಕಡಿಮೆಯಾದರೆ ಹುದ್ದೆ ಹೋಗುತ್ತದೆ ಎಂದು ಕೈಮುಗಿಯುತ್ತಿದ್ದರು. ಇನ್‌ಸ್ಪೆಕ್ಟರು ಬರುವ ದಿನ ಐದು ವರ್ಷದ ವಸುಂಧರಾ ಮೊದಲು ಒಂದನೇ ಕ್ಲಾಸಿನಲ್ಲಿ ಕೂತು ‘ಹಾಜರ್ ಸಾರ್’ ಅನ್ನಬೇಕು, ಅವರು ಅಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಹಿತ್ತಲಿಂದ ಓಡಿಬಂದು ಎರಡನೇ ಕ್ಲಾಸಿನಲ್ಲಿ ಬೇರೆ ಹೆಸರಿಗೆ ಅನ್ನಬೇಕು. ಒಂದು ಸಲ ಆ ಇನ್‌ಸ್ಪೆಕ್ಟರು ಅವಳ ಗಲ್ಲ ಹಿಡಿದು, ಈ ಊರಲ್ಲಿ ಎಲ್ಲ ಮಕ್ಕಳಿಗೂ ಒಂದೇ ಮುಖ ಮೇಷ್ಟ್ರೇ ಅಂದಿದ್ದರು. ಅಪ್ಪ ನೆಲ ನೋಡುತ್ತ ನಕ್ಕರು. ಆ ನಗು ಅವಳಿಗೆ ಇಷ್ಟವಾಗಿರಲಿಲ್ಲ. ಆದರೆ ಶಾಲೆ ಉಳಿಯಿತು, ಎಂದು ಮೊನ್ನೆ ಗುರುವಾರದಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಾಗಲೆಲ್ಲ ಆ ‘ಆದರೆ’ ಒಂದು ಮೆಟ್ಟಿಲು ತಪ್ಪಿದಂತೆ ಕಾಲಿಗೆ ಸಿಗುತ್ತಿರಲಿಲ್ಲ.

ಗುರುವಾರದ ಸಭೆಯಲ್ಲಿ ಆಡಳಿತ ಮಂಡಳಿಯವರು ಬಂದಿದ್ದರು. ಬರುವ ಏಪ್ರಿಲ್ಲಿನ ತಂಡವೇ ಕೊನೆಯದು, ಆಮೇಲೆ ಪ್ರವೇಶವಿಲ್ಲ, ಆ ಹುಡುಗಿಯರು ಮುಗಿಸಿದರೆ ಬಾಗಿಲು ಮುಚ್ಚುವುದು. ಎರಡು ವರ್ಷ ಮುಗಿಸಿದವರನ್ನು ನೇರವಾಗಿ ಮೂರನೇ ವರ್ಷಕ್ಕೆ ತೆಗೆದುಕೊಳ್ಳುತ್ತಿದ್ದ ಯೂನಿವರ್ಸಿಟಿ ಆ ಒಪ್ಪಂದವನ್ನು ಈಗಾಗಲೇ ಕೈಬಿಟ್ಟಿದೆ. ಕರಪತ್ರದಲ್ಲಿ ಅದು ಇನ್ನೂ ಇದೆಯಲ್ಲ ಎಂದು ಯಾರೋ ಕೇಳಿದರು. ಕರಪತ್ರ ಅಚ್ಚಾಗಿಬಿಟ್ಟಿದೆ ಎಂದು ಉತ್ತರ ಬಂತು, ಅಚ್ಚಾಗುವುದು ಮಳೆಯ ಹಾಗೆ ತಾನಾಗಿ ಆಗುವಂಥದ್ದು ಎಂಬ ಧಾಟಿಯಲ್ಲಿ. ಪ್ರವೇಶ ಮುಗಿಯುವ ತನಕ ವಿಷಯ ಹೊರಗೆ ಹೋಗಬಾರದು, ದಯವಿಟ್ಟು. ಎಲ್ಲರೂ ‘ಹಾಯ್’ ಅಂದರು. ಅವಳೂ ಅಂದಳು. ಆಮೇಲೆ ಚಹಾದ ಮೂಲೆಯಲ್ಲಿ ಕುರೋದಾ-ಸಾನ್, ಅವಳ ಮುಖ ನೋಡದೆ, ಬಿಸಿನೀರಿನ ಗುಂಡಿ ಒತ್ತುತ್ತ, ಕೊನೆಯ ತಂಡ ತುಂಬಿದರೆ ತಿಮ್ಮಪ್ಪ-ಸಾನ್ ಅವರ ಹುದ್ದೆ ಕೊನೆಯವರೆಗೂ ಇರುತ್ತದೆ, ನೀವಿರುವುದೇ ಭಾರತದ ತಾಯಂದಿರಿಗೆ ಧೈರ್ಯ ಅಂದರು. ಆ ಸಂಜೆ ಮಿನಾಟೋದ ಆಫೀಸಿನಿಂದ ಬಂದ ಗಂಡ ಗಿರಿಧರ್ ಟೈ ಸಡಿಲಿಸುತ್ತ, “ಏನಂತೆ ನಿನ್ನ ಅನಾಥಾಶ್ರಮ?” ಎಂದು ಎಂದಿನಂತೆ ಕೇಳಿದ. ಅವಳು ಏನೂ ಇಲ್ಲ ಅಂದಳು. ಗಂಡನ ವೀಸಾದ ಬಾಲ ಹಿಡಿದು ಬಂದು, ತುಮಕೂರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಬಾಯಿಂದ ‘ಹೀರೇಕಾಯಿ ಎಲ್ಲಿ ಸಿಗುತ್ತೆ ರೀ’ ಎಂದು ಕೇಳುತ್ತ ವರ್ಷಗಟ್ಟಲೆ ಕಳೆದವಳಿಗೆ, ಕೊರಳಲ್ಲಿ ತೂಗುವ ಪ್ಲಾಸ್ಟಿಕ್ಕಿನ ಗುರುತಿನ ಚೀಟಿ ಎಂದರೇನು ಎಂಬುದನ್ನು ಟೈ ಕಟ್ಟುವವರಿಗೆ ಹೇಗೆ ಹೇಳುವುದು? ಅದರ ಮೇಲಿರುವುದು ಅಪ್ಪನ ಹೆಸರಾದರೂ ಫೋಟೋ ತನ್ನದೇ.

ಶ್ರೀವಿದ್ಯಾ ಹೇಳಿದ ಹೊತ್ತಿಗೆ ಮುಂಚೆಯೇ ಬಂದಳು. ಜಪಾನಿಗೆ ಬಂದ ಮೇಲೆ ಎಲ್ಲರೂ ಕಲಿಯುವ ಮೊದಲ ಪಾಠ ಅದು. ಅವಳ ಗಂಡ ವಿನಾಯಕ್ ಸಾಫ್ಟ್‌ವೇರ್ ಕಂಪನಿಯವನು, ಏಪ್ರಿಲ್ಲಿಗೆ ಬೆಂಗಳೂರಿಗೆ ವಾಪಸ್ ವರ್ಗವಾಗಿತ್ತು. ಮಗಳು ಹರ್ಷಿಣಿ ಎರಡು ವರ್ಷದ ಕೂಸಾಗಿ ಇಲ್ಲಿಗೆ ಬಂದವಳು, ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿದವಳು. ಬೆಂಗಳೂರು ಅವಳಿಗೆ ಬೇಸಿಗೆ ರಜೆಯಲ್ಲಿ ಹೊಟ್ಟೆ ಕೆಡಿಸುವ ಊರು. ದೊಡ್ಡ ಯೂನಿವರ್ಸಿಟಿಗಳ ಪರೀಕ್ಷೆಗೆ ಕೂರುವಷ್ಟು ಅಂಕ ಬಂದಿರಲಿಲ್ಲ. ದೇವಸ್ಥಾನದ ಹಬ್ಬದಡುಗೆಯಲ್ಲಿ ಪಲ್ಯ ಬಡಿಸುತ್ತ ವಸುಂಧರಾಳೇ ಹೇಳಿದ್ದಳು: ನಮ್ಮ ಕಾಲೇಜಿಗೆ ಹಾಕಿ, ಎರಡು ವರ್ಷ ಆದ ಮೇಲೆ ಯೂನಿವರ್ಸಿಟಿಗೆ ಹಿಂಬಾಗಿಲು ಇದೆ. ಆಗ ಅದು ನಿಜವಾಗಿತ್ತು. ಪಲ್ಯ ಬಡಿಸುವಾಗ ಹೇಳಿದ್ದು ನಿಜವಾಗಿತ್ತು ಎಂಬುದನ್ನು ಅವಳು ಗುರುವಾರದಿಂದ ಬಹಳ ಸಲ ಎತ್ತಿ ನೋಡಿದ್ದಳು, ಚಿನ್ನವೋ ಹಿತ್ತಾಳೆಯೋ ಎಂದು ಉಜ್ಜಿ ನೋಡುವ ಹಾಗೆ.

“ಏನಕ್ಕ, ಸೀರೆ ಉಟ್ಟಿದೀರಾ ಇವತ್ತು! ಪ್ರಿನ್ಸಿಪಾಲ್ ಥರಾ ಕಾಣ್ತಿದೀರ.”

“ಅಯ್ಯೋ, ಅವರೇ ಉಟ್ಕೊಂಡು ಬನ್ನಿ ಅಂದ್ರು. ಬಾ, ಕೂತ್ಕೋ. ಹರ್ಷಿಣಿ, ಹೇಗಿದೀಯಮ್ಮ?”

“ಫೈನ್ ಆಂಟಿ,” ಎಂದು ಹುಡುಗಿ ಕುರೋದಾ-ಸಾನ್ ಕಡೆ ತಿರುಗಿ, ಅಳೆದು ಬಾಗಿ, ಜಪಾನೀಸಿನಲ್ಲಿ ತನ್ನ ಪರಿಚಯ ಹೇಳಿಕೊಂಡಳು. ಅವರ ಮುಖ ಅರಳಿತು. ಎಷ್ಟೋ ದಿನದಿಂದ ಇಂಥ ಬಾಗುವಿಕೆಯನ್ನು ಅವರು ಕಂಡಿರಲಿಲ್ಲವೇನೋ. ಮೇಜಿನ ಆ ಬದಿ ತಾಯಿ ಮಗಳು, ಈ ಬದಿ ಕುರೋದಾ-ಸಾನ್, ಅಡ್ಡದ ತುದಿಯಲ್ಲಿ ವಸುಂಧರಾ. ಖರ್ಚಿನ ಮಾತು ಬಂತು. ಒಮ್ಮೆ ಕಟ್ಟಿದರೆ ದೇವರೇ ಇಳಿದು ಬಂದು ಕೇಳಿದರೂ ಹಿಂದಿರುಗಿಸದ ಪ್ರವೇಶ ಶುಲ್ಕ, ಬೋಧನಾ ಶುಲ್ಕ, ಅದರ ಕೆಳಗೆ ‘ಕಟ್ಟಡಗಳ ಅಭಿವೃದ್ಧಿ ಶುಲ್ಕ’. ಅದನ್ನು ಕನ್ನಡಕ್ಕೆ ತರುವಾಗ ವಸುಂಧರಾಳ ನಾಲಿಗೆ ತಡವರಿಸಿತು. ಅಭಿವೃದ್ಧಿ. ಕಿಟಕಿಯಾಚೆ ಜಿಮ್ನೇಷಿಯಮ್ಮಿನ ಗೋಡೆಯ ಮೇಲೆ ಬಳ್ಳಿ ಹಬ್ಬಿ ಗಡಿಯಾರವನ್ನು ಅರ್ಧ ಮುಚ್ಚಿತ್ತು.

“ಕಟ್ಟಡಕ್ಕೂ ನಾವೇ ಕೊಡಬೇಕಾ? ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟಿನೋರೇ ವಾಸಿ ಬಿಡಿ, ಡೊನೇಶನ್ ಅಂತ ನೇರವಾಗಿ ಕೇಳ್ತಾರೆ,” ಎಂದು ಶ್ರೀವಿದ್ಯಾ ನಕ್ಕಳು. ಅವಳು ಏನಂದಳೆಂದು ಕುರೋದಾ-ಸಾನ್ ಕೇಳಿದರು. ಕಟ್ಟಡ ಚೆನ್ನಾಗಿದೆ ಅಂದರು, ಎಂದು ವಸುಂಧರಾ ಹೇಳಿದಳು. ಹರ್ಷಿಣಿ ತಲೆ ಎತ್ತಿ ಅವಳನ್ನೇ ನೋಡಿದಳು. ತುಟಿಯ ತುದಿಯಲ್ಲಿ ಒಂದು ನಗುವಿತ್ತು. ಆಟದ ನಗು. ಇಬ್ಬರೂ ಸೇರಿ ಆಡುವ ಆಟ ಎಂದುಕೊಂಡಿರಬೇಕು.

ಆಗಲೇ ಶ್ರೀವಿದ್ಯಾ ಕುರ್ಚಿಯನ್ನು ಇತ್ತ ಎಳೆದುಕೊಂಡು ದನಿ ತಗ್ಗಿಸಿದಳು. ತಗ್ಗಿಸುವ ಅಗತ್ಯವಿರಲಿಲ್ಲ, ಆ ಕೋಣೆಯಲ್ಲಿ ಕನ್ನಡಕ್ಕೆ ಬೇರೆ ಕಿವಿಯಿರಲಿಲ್ಲ.

“ಅಕ್ಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಬಿಲ್ಡಿಂಗಲ್ಲಿ ಒಬ್ಬರು ಜಪಾನೀಸ್ ಅಜ್ಜಿ ಇದಾರೆ, ಇಲ್ಲೇ ಓದಿದವರಂತೆ. ಅವರು ‘ಆ ಕಾಲೇಜು ಮುಚ್ತಾರಂತಲ್ಲ’ ಅಂದ್ರು. ಇವರಿಗೆ ಹೇಳಿದ್ರೆ, ‘ಸುಮ್ನೆ ಅವರಿವರನ್ನ ಯಾಕೆ ನಂಬ್ತೀಯ, ವಸುಂಧರಾ ಅವರು ಇದಾರಲ್ಲ, ಅವರನ್ನೇ ಕೇಳು’ ಅಂದ್ರು. ನಾನೂ ಇವರೂ ಹೊರಟುಬಿಡ್ತೀವಿ ಅಕ್ಕ. ಇವಳೊಬ್ಬಳೇ ಇಲ್ಲಿ. ಆಮೇಲೆ ಯೂನಿವರ್ಸಿಟಿಲಿ ಸೀಟು ಸಿಗುತ್ತೆ ಅನ್ನೋ ಒಂದೇ ಧೈರ್ಯದ ಮೇಲೆ ಬಿಟ್ಟು ಹೋಗ್ತಿರೋದು. ಕಾಲೇಜು ನಡೆಯುತ್ತೆ ತಾನೆ? ಆ ಸೀಟು ಸಿಗುತ್ತೆ ತಾನೆ?”

ಈ ಭಾಷೆಯಲ್ಲಿ ತಾನು ಏನು ಬೇಕಾದರೂ ಹೇಳಬಹುದು ಎಂಬುದು ಅವಳಿಗೆ ಎಷ್ಟು ಸ್ಪಷ್ಟವಾಗಿ ಹೊಳೆಯಿತೆಂದರೆ ಎದೆ ಒಮ್ಮೆ ಹಗುರವಾಯಿತು. ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು, ಕರಪತ್ರದ ಮೇಲೆ ಬೆರಳು ಓಡಿಸುತ್ತ, ಕಟ್ಟಬೇಡ ಕಣೇ, ಎದ್ದು ಹೋಗು, ಸಂಜೆ ಮನೆಗೆ ಬಾ ಎಲ್ಲ ಹೇಳ್ತೀನಿ ಅನ್ನಬಹುದು. ಎದುರಿಗಿರುವ ಮನುಷ್ಯ ತಲೆಯಾಡಿಸಿ ಧನ್ಯವಾದ ಹೇಳುತ್ತಾರೆ. ಮನೆಯಿಂದ ಇಷ್ಟು ದೂರದಲ್ಲಿ ಕನ್ನಡ ಇಷ್ಟು ಸುರಕ್ಷಿತವಾಗಿದ್ದದ್ದು ಇದೇ ಮೊದಲು. ಹೇಳಬೇಕೆಂದೇ ಅವಳು ಉಸಿರು ಎಳೆದುಕೊಂಡಳು. ಕುರೋದಾ-ಸಾನ್ ಅವಳನ್ನು ನೋಡುತ್ತಿರಲಿಲ್ಲ. ಬಲೂನಿನ ದಾರ ಕಟ್ಟಿ ಕೆಂಪಾದ ತಮ್ಮ ಬೆರಳನ್ನು ನೀವಿಕೊಳ್ಳುತ್ತಿದ್ದರು. ಆ ಬೆರಳು ಕಂಡಿತೋ, ಕೊರಳ ಚೀಟಿ ಮೇಜಿಗೆ ತಾಗಿ ಟಕ್ಕೆಂದಿತೋ, ಗಿರಿಧರ್ ಟೈ ಸಡಿಲಿಸುವುದು ನೆನಪಾಯಿತೋ.

“ಹೂಂ,” ಅಂದಳು.

ಅದು ಬಾಯಿಂದ ಹೊರಬಿದ್ದ ಮೇಲೆ ಎಂಥ ಹೂಂ ಎಂದು ಯೋಚಿಸಿದಳು. ಕತೆ ಹೇಳುವವರಿಗೆ ಮಗು ಹೂಂಗುಟ್ಟುತ್ತದಲ್ಲ, ಆ ಹೂಂಗೆ ಕತೆ ಒಪ್ಪಿದೆ ಎಂದು ಅರ್ಥವೇ? ನಿದ್ದೆ ಬಂದಿಲ್ಲ, ಮುಂದೆ ಹೇಳು ಎಂದು ಅಷ್ಟೇ. ಇಲ್ಲಿನವರ ‘ಹಾಯ್’ ಕೂಡ ಅದೇ. ಬಂದ ಹೊಸದರಲ್ಲಿ ಗಿರಿಧರ್ ಆ ಒಂದು ಪದವನ್ನು ಒಪ್ಪಿಗೆ ಎಂದು ತಿಳಿದು ಆಫೀಸಿನಲ್ಲಿ ಪೇಚಿಗೆ ಸಿಕ್ಕು ಬಂದಾಗ, ‘ಹಾಯ್ ಅಂದ್ರೆ ಹೌದು ಅಲ್ಲ ರೀ, ಕೇಳಿಸ್ತಾ ಇದೆ ಅಂತ’ ಎಂದು ತಿಳಿಸಿ ಹೇಳಿದವಳೇ ಅವಳು. ಹಾಗಾದರೆ ತಾನು ಹೇಳಿದ್ದು ಸುಳ್ಳಲ್ಲ. ಶ್ರೀವಿದ್ಯಾ, ನಿನ್ನ ಮಾತು ಕೇಳಿಸಿತು, ಅಂದೆ. ಇಷ್ಟನ್ನೂ ಅವಳು ತೀರ ನಾಜೂಕಾಗಿ, ಪರೀಕ್ಷೆಯ ಉತ್ತರದಂತೆ, ಮನಸ್ಸಿನಲ್ಲೇ ಜೋಡಿಸಿ ಮುಗಿಸುವಷ್ಟರಲ್ಲಿ ಹರ್ಷಿಣಿ ಪೆನ್ನು ಕೆಳಗಿಟ್ಟಳು.

“ಅಮ್ಮಾ, ಆಂಟಿ ಯೆಸ್ ಅಂದಿಲ್ಲ. ದಟ್ ವಾಸ್ ಜಸ್ಟ್ ಐಜುಚಿ.”

“ಏನದು?”

“ಕೇಳ್ತಿದೀನಿ ಅಂತ ಸೌಂಡ್ ಮಾಡ್ತಾರಲ್ಲ, ಅದು. ಇಲ್ಲಿ ಎಲ್ಲಾರೂ ಮಾಡ್ತಾರೆ. ಇಟ್ ಡಸಂಟ್ ಮೀನ್ ಎನಿಥಿಂಗ್. ಆಸ್ಕ್ ಹರ್ ಅಗೇನ್.”

“ನಿನ್ ತಲೆ! ಐಜುಚಿನೂ ಇಲ್ಲ ಗೀಜುಚಿನೂ ಇಲ್ಲ. ಅವರೇನು ಜಪಾನಿನೋರಾ ಒಳಗೊಂದು ಹೊರಗೊಂದು ಇಟ್ಕೊಳಕ್ಕೆ? ನಮ್ಮೂರಲ್ಲಿ ಹೂಂ ಅಂದ್ರೆ ಹೂಂ ಕಣೇ. ನೋಡಿ ಅಕ್ಕ, ಇಲ್ಲೇ ಬೆಳೆದು ದೊಡ್ಡೋರು ಹೇಳಿದ್ದನ್ನೂ ನಂಬಲ್ಲ ಇವು.”

ವಸುಂಧರಾ ನಕ್ಕಳು. ನಗುವಾಗ ತನ್ನ ಕಣ್ಣು ನೆಲದ ಕಡೆ ಹೋದದ್ದು ತಿಳಿಯಿತು, ಬೇಗ ಎತ್ತಿಕೊಂಡಳು. ಹುಡುಗಿ ಅವಳನ್ನು ನೋಡುತ್ತಲೇ ಇದ್ದಳು. ಆಟದ ನಗು ಹೋಗಿತ್ತು. ಕೇಳು, ಇನ್ನೊಂದು ಸಲ ಕೇಳು ಎಂದು ವಸುಂಧರಾ ಮನಸ್ಸಿನಲ್ಲೇ ಶ್ರೀವಿದ್ಯಾಳನ್ನು ಒತ್ತಾಯಿಸಿದಳು. ಕೇಳಿದರೆ ಹೇಳಿಯೇಬಿಡುತ್ತೇನೆ ಎಂದು ಆ ಕ್ಷಣ ನಂಬಿದ್ದಳು ಕೂಡ. ಶ್ರೀವಿದ್ಯಾ ಕೇಳಲಿಲ್ಲ. ನಂಬಿದವರು ಎರಡು ಸಲ ಕೇಳುವುದಿಲ್ಲ, ಅದೇ ಅವರ ದೋಷ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಸ್ವಲ್ಪ ಆರಾಮವಾಯಿತು.

“ಏನು ಕೇಳಿದರು?” ಎಂದರು ಕುರೋದಾ-ಸಾನ್.

“ಕಾಲೇಜಿನ ಭವಿಷ್ಯದ ಬಗ್ಗೆ ತುಸು ಚಿಂತೆ.”

“ತಿಮ್ಮಪ್ಪ-ಸಾನ್ ಏನು ಹೇಳಿದಿರಿ?”

“ಕೇಳಿಸಿಕೊಂಡೆ, ಅಂದೆ.”

ಅವರು “ತುಂಬ ಒಳ್ಳೆಯ ಉತ್ತರ,” ಎಂದು ತಲೆಬಾಗಿದರು. ಮೇಜಿನ ಆ ಬದಿಯಲ್ಲಿ ಈ ಎಲ್ಲ ಮಾತೂ ಅರ್ಥವಾಗುವ ಹುಡುಗಿ ಕೂತಿದ್ದಾಳೆಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಹರ್ಷಿಣಿ ಕರಪತ್ರವನ್ನು ತಿರುಗಿಸಿ ಊಟದ ಹಾಲಿನ ಚಿತ್ರ ನೋಡತೊಡಗಿದಳು. ಕಿವಿ ಕೆಂಪಾಗಿತ್ತು. ತಾಯಿಗೆ ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ವಸುಂಧರಾ ಆಮೇಲೆ, ಅವರಿಗೆ ಲೈಬ್ರರಿ ತೋರಿಸುವಾಗ, ಖಾಲಿ ಪಿಯಾನೋ ಕೋಣೆಗಳ ಉದ್ದಕ್ಕೂ ನಡೆಯುವಾಗ, ಹಿಂಬದಿಯಿಂದ ಆ ಹುಡುಗಿಯ ಜಡೆ ನೋಡುತ್ತ ಹುಡುಕಿದಳು. ದೊಡ್ಡವರ ಮಾನ ಕಳೆಯಬಾರದು ಎಂದಿರಬಹುದು. ಅದು ಕನ್ನಡದ್ದೋ ಜಪಾನಿನದ್ದೋ. ಅಥವಾ ಹೇಳಿದರೆ ತಾಯಿ ತನ್ನನ್ನೂ ವಿಮಾನ ಹತ್ತಿಸುತ್ತಾಳೆ ಎಂದು. ಅಥವಾ ಆಂಟಿಗೆ ಇನ್ನೂ ಸ್ವಲ್ಪ ಸಮಯ ಕೊಡೋಣ ಎಂದು. ಈ ಮೂರನೆಯದನ್ನು ಯೋಚಿಸಬಾರದಿತ್ತು. ಯೋಚಿಸಿದ ಮೇಲೆ ಆಗಲೇ ಬೀಗ ಹಾಕಿದ್ದ ಲೈಬ್ರರಿಗೆ ಇನ್ನೊಮ್ಮೆ ಬೀಗ ಹಾಕಲು ಹೋದಳು.

ಹೊರಡುವ ಹೊತ್ತಿಗೆ ಶ್ರೀವಿದ್ಯಾ ಅರ್ಜಿಯನ್ನು ತುಂಬಿ ಕೊಟ್ಟಾಗಿತ್ತು. ಶುಲ್ಕವನ್ನು ವಿನಾಯಕ್ ನಾಳೆಯೇ ಕಟ್ಟುತ್ತಾನೆ. ಮುಂಬಾಗಿಲ ಬಳಿ ಕಾಲೇಜಿನ ಚಪ್ಪಲಿ ಬಿಟ್ಟು ತಮ್ಮ ಬೂಟು ಹಾಕಿಕೊಳ್ಳುವ ಮರದ ಹಲಗೆಯ ಮೇಲೆ ನಿಂತು ಅವಳು ಮಗಳ ಬೆನ್ನು ತಟ್ಟಿದಳು.

“ಹರ್ಷಿಣಿ, ಆಂಟಿಗೆ ನಮಸ್ಕಾರ ಮಾಡು.”

“ಹಿಯರ್?”

“ಇಲ್ಲೇ. ಇನ್ಮೇಲೆ ನಿಂಗೆ ಇಲ್ಲಿ ಅಪ್ಪ ಅಮ್ಮ ಎಲ್ಲಾ ಅವರೇ. ಬಗ್ಗು.”

“ಅಯ್ಯೋ ಬೇಡ ಕಣೇ, ಏನಿದೆಲ್ಲ,” ಎಂದು ವಸುಂಧರಾ ಹಿಂದೆ ಸರಿದಳು. ಬೆನ್ನಿಗೆ ಚಪ್ಪಲಿಯ ಕಪಾಟು ತಾಗಿತು. ಹುಡುಗಿಗೆ ಪಾದ ಮುಟ್ಟುವ ಅಭ್ಯಾಸ ಇರಲಿಲ್ಲ. ತನಗೆ ಗೊತ್ತಿದ್ದ ಹಾಗೆ ಮಂಡಿಯೂರಿ ಕೂತು, ಎರಡೂ ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಇಟ್ಟು, ಹಣೆ ತಗ್ಗಿಸಿದಳು. ಕುರೋದಾ-ಸಾನ್ ಗಾಬರಿಯಾಗಿ ಓಡಿಬಂದರು. ಇಲ್ಲಿ ಹಾಗೆ ನೆಲಕ್ಕೆ ಹಣೆ ಹಚ್ಚುವುದು ಕ್ಷಮಿಸಲಾಗದ ತಪ್ಪು ಮಾಡಿದವರು. “ಏನಾಯಿತು? ಇವರು ಯಾಕೆ ಕ್ಷಮೆ ಕೇಳುತ್ತಿದ್ದಾರೆ?” ಎಂದು ಅವರು ಯಾರನ್ನು ಕೇಳಬೇಕೆಂದು ತಿಳಿಯದೆ ಮೂವರನ್ನೂ ಕೇಳಿದರು.

“ಒಳ್ಳೇದಾಗಲಿ, ಏಳಮ್ಮ ಏಳು,” ಅಂದಳು ವಸುಂಧರಾ. ಬಾಯಿಗೆ ತಾನಾಗಿ ಬರುವ ಮಾತು. ಅದರಲ್ಲಿ ಯಾವ ಸುಳ್ಳೂ ಇರಲಿಲ್ಲ.

ಹುಡುಗಿಯೇ ಎದ್ದು ವಿವರಿಸಿದಳು: ತಪ್ಪಲ್ಲ, ಹಿರಿಯರ ಆಶೀರ್ವಾದ ಕೇಳುವ ಪದ್ಧತಿ, ಅವರು ಏನು ಹೇಳುತ್ತಾರೋ ಅದು ಆಗುತ್ತದೆ ಎಂದು ನಂಬಿಕೆ. ಕುರೋದಾ-ಸಾನ್ ಕಣ್ಣಲ್ಲಿ ನೀರು ಬಂದಂತಿತ್ತು. ಎಂಥ ಸಂಸ್ಕಾರ, ಎಂಥ ಕಾಲ, ಎಂದೆಲ್ಲ ಗೊಣಗಿ ಜೇಬಿನಿಂದ ಫೋನ್ ತೆಗೆದರು. ಸುಮಿಮಾಸೆನ್, ಕ್ಷಮಿಸಿ, ಇನ್ನೊಂದು ಸಲ ಮಾಡಬಹುದೇ? ಕಾಲೇಜಿನ ವೆಬ್‌ಸೈಟಿಗೆ, ಬೇರೆ ತಾಯಂದಿರೂ ನೋಡಲಿ. ಶ್ರೀವಿದ್ಯಾಗೆ ಅಷ್ಟು ಜಪಾನೀಸ್ ಅರ್ಥವಾಯಿತು. ಕೂದಲು ಸರಿಮಾಡಿಕೊಂಡು ಮಗಳ ಪಕ್ಕ ನಿಂತಳು. “ಅಕ್ಕಾ, ಈ ಸಲ ಬರೀ ಒಳ್ಳೇದಾಗ್ಲಿ ಅಂದ್ರೆ ಆಗಲ್ಲ. ಬಾಯ್ತುಂಬ ಹೇಳಿ.”

ಹರ್ಷಿಣಿ ಮತ್ತೆ ಮಂಡಿಯೂರಿದಳು. ಹಣೆ ತಗ್ಗಿಸುವ ಮುಂಚೆ ಒಮ್ಮೆ ತಲೆ ಎತ್ತಿ, ಬಹಳ ಕೆಳಗಿನಿಂದ, ವಸುಂಧರಾಳ ಮುಖವನ್ನು ನೋಡಿದಳು. ಬೇಡುವ ನೋಟವಲ್ಲ, ಬಯ್ಯುವ ನೋಟವೂ ಅಲ್ಲ. ಮಾತು ಮುಗಿಯಲಿ ಎಂದು ಕಾಯುವವರ ನೋಟ. ಆಮೇಲೆ ಬಗ್ಗಿದಳು. ಫೋನಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು. ವಸುಂಧರಾ ಬಲಗೈಯನ್ನು ಆ ಬೈತಲೆಯ ಮೇಲಿಟ್ಟಳು. ಬಿಸಿಯಾಗಿತ್ತು.

“ಇಲ್ಲಿ ಎರಡು ವರ್ಷ ಚೆನ್ನಾಗಿ ಓದು. ಆಮೇಲೆ ಯೂನಿವರ್ಸಿಟಿಗೆ ಹೋಗು. ನಾನಿದೀನಿ, ಹೆದರಬೇಡ,” ಎಂದಳು. ದನಿ ನಡುಗಲಿಲ್ಲ. ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ, ತುಮಕೂರಿನ ದನಿ.

“ತುಂಬ ಚೆನ್ನಾಗಿತ್ತು. ಏನು ಹೇಳಿದಿರಿ? ಕೆಳಗೆ ಅಕ್ಷರದಲ್ಲಿ ಹಾಕಬೇಕು,” ಎಂದರು ಕುರೋದಾ-ಸಾನ್.

ಅವಳು ಒಂದು ಪದವನ್ನೂ ಬಿಡದೆ, ಗೌರವದ ಪ್ರತ್ಯಯಗಳನ್ನೆಲ್ಲ ಸೇರಿಸಿ, ಜಪಾನೀಸಿನಲ್ಲಿ ಹೇಳಿದಳು. ಯೂನಿವರ್ಸಿಟಿ ಎಂಬ ಪದ ಬಂದಾಗ ಅವರು ಫೋನನ್ನು ನಿಧಾನವಾಗಿ ಕೆಳಗಿಳಿಸಿದರು. ಬಾಗಿಲ ಬಲೂನುಗಳ ಕಡೆ ನೋಡುತ್ತ ನಿಂತರು. ಹರ್ಷಿಣಿ ಇನ್ನೂ ನೆಲದ ಮೇಲೇ ಇದ್ದಳು. ಎರಡೂ ಭಾಷೆಯಲ್ಲಿ ಕೇಳಿಸಿಕೊಂಡವಳು ಅವಳೊಬ್ಬಳೇ.